ಪಂಚಮಿ ರಜೆಗೆ ವಿಜಯಪುರಕ್ಕೆ ಹೊರಟವರೇ, ಅಡ್ವಾನ್ಸ್ ಕಳಿಸುವ ಮುಂಚೆ ಓದಿ

ಇದು 2021ರ ಆಗಸ್ಟಿನ, ಕೊರೊನಾ ಕಾಲದ ಮಾತು. ಆ ವರ್ಷ ಶುಕ್ರವಾರ ಪಂಚಮಿ, ಮರುದಿನ ಎರಡನೇ ಶನಿವಾರ, ಅದರ ಮರುದಿನ ಆಗಸ್ಟ್ 15 ಬಂದಿತ್ತು. ಬಾಗಲಕೋಟೆ, ಇಳಕಲ್ಲ, ಮುಧೋಳ ಕಡೆಯ ಎಷ್ಟೋ ಮಂದಿ ಆ ರಜೆಯಲ್ಲಿ ಗೋಲಗುಮ್ಮಟ ನೋಡಿ ಬರೋಣ ಅಂತ ಲೆಕ್ಕ ಹಾಕುತ್ತಿದ್ದರು. ನಮ್ಮ ಓಣಿಯಲ್ಲೇ ಒಬ್ಬರು ಗಾಡಿ ಮಾತಾಡಿ ಇಟ್ಟಿದ್ದರು. ಆದರೆ ಶನಿವಾರ, ಭಾನುವಾರ ಹೋಗುವ ಹಾಗಿರಲಿಲ್ಲ. ವಿಜಯಪುರ ಜಿಲ್ಲೆಯಲ್ಲಿ ವಾರಾಂತ್ಯ ಕರ್ಫ್ಯೂ ಇತ್ತು. ಲಾಡ್ಜಿನವರು ಫೋನಿನಲ್ಲಿ ಏನೇ ಹೇಳಲಿ, ಅದನ್ನು ನಂಬಿ ದುಡ್ಡು ಹಾಕಬೇಡಿ. ಆಗಸ್ಟ್ 7ರ ಶನಿವಾರ ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ವಿಜಯಪುರ ನಾನು ಎಂ.ಎ. ಓದಿದ ಊರು. ಇಬ್ರಾಹಿಂ ರೋಜಾದ ನೆರಳಿನಲ್ಲಿ ಪರೀಕ್ಷೆಗೆ ಓದಿದ್ದೇನೆ, ಬಾರಾ ಕಮಾನಿನ ಹುಲ್ಲಿನ ಮೇಲೆ ಕೂತು ಗೆಳತಿಯರ ಜೊತೆ ಸಂಜೆ ಕಳೆದಿದ್ದೇನೆ. ಮಗಳು ಆಗ ಐದನೇ ತರಗತಿ. ಹಿಂದಿನ ವರ್ಷದಿಂದ ಸಾಲಿಯ ಮುಖ ನೋಡದೆ ಮೊಬೈಲಿನಲ್ಲೇ ಪಾಠ ಕೇಳುತ್ತಿದ್ದಳು. ಗುಮ್ಮಟದಲ್ಲಿ ತನ್ನ ಹೆಸರು ಏಳು ಸಲ ತಿರುಗಿ ಕೇಳಬೇಕು ಅನ್ನುವುದು ಅವಳ ಹಟ. ಅದಕ್ಕೆ ಬೆಳಿಗ್ಗೆ ಆರಕ್ಕೆ, ಬಾಗಿಲು ತೆಗೆದ ಕೂಡಲೇ ಒಳಗಿರಬೇಕು. ಮಂದಿ ಬಂದು ಕೂಗಾಟ ಶುರುವಾದರೆ ಗದ್ದಲವೊಂದೇ ಕೇಳುತ್ತದೆ. ಮುಂಜಾನೆಯ ಮೌನದಲ್ಲಾದರೆ ಗೋಡೆಯ ಹತ್ತಿರ ಪಿಸುಗುಟ್ಟಿದ್ದೂ ಗ್ಯಾಲರಿಯ ಆಚೆ ಬದಿಗೆ ಸ್ಪಷ್ಟವಾಗಿ ಮುಟ್ಟುತ್ತದೆ. ಹಾಗಾಗಿ ಶನಿವಾರ ರಾತ್ರಿ ಅಲ್ಲೇ ಉಳಿಯುವುದು ಅಂತ ಲಾಡ್ಜ್ ಹಿಡಿದೆವು.

ಏಪ್ರಿಲ್ 16ಕ್ಕೆ ಮುಚ್ಚಿದ ಸ್ಮಾರಕಗಳನ್ನು ಪುರಾತತ್ವ ಸರ್ವೇಕ್ಷಣ ಇಲಾಖೆ ಜೂನ್ 16ರಿಂದ ತೆರೆದಿತ್ತು. ನಾವು 2,000 ರೂಪಾಯಿ ಅಡ್ವಾನ್ಸ್ ಫೋನ್‌ಪೇ ಮಾಡಿದಾಗ ಯಾವ ಕರ್ಫ್ಯೂ ಮಾತೂ ಇರಲಿಲ್ಲ. ಆಗಸ್ಟ್ 6, ಶುಕ್ರವಾರ ಟಿವಿಯಲ್ಲಿ ಗಡಿ ಜಿಲ್ಲೆಗಳಿಗೆ ಬಿಗಿ ನಿಯಮ ಅಂತ ಸುದ್ದಿ ಬಂತು. ಕೂಡಲೇ ನಮ್ಮ ಮನೆಯವರು ಲಾಡ್ಜಿಗೆ ಫೋನ್ ಮಾಡಿ ಕೇಳಿದರು. ಮ್ಯಾನೇಜರ್ ಹೇಳಿದ್ದು ಇಷ್ಟು: "ಅದು ಮಹಾರಾಷ್ಟ್ರದಿಂದ ಬರೋರಿಗೆ ರೀ, ಚೆಕ್‌ಪೋಸ್ಟಿನ್ಯಾಗ ರಿಪೋರ್ಟ್ ಕೇಳ್ತಾರ. ನೀವು ಬಾಗಲಕೋಟಿಯವ್ರು, ನಿಮಗೇನ ಸಂಬಂಧ? ಗುಮ್ಮಟ ಚಾಲೂ ಐತಿ, ಬರ್ರಿ."

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಆಗ ಬೇರೆಯವರಿಗೂ ಇದನ್ನೇ ಹೇಳುತ್ತಿದ್ದರು. ಮಹಾರಾಷ್ಟ್ರ, ಕೇರಳದಿಂದ ಬರುವವರು 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ಕೊರೊನಾ ಪರೀಕ್ಷೆಯ ನೆಗೆಟಿವ್ ವರದಿ ತರಬೇಕಿತ್ತು, ಅದು ಒಂದು ನಿಯಮ. ವಾರಾಂತ್ಯ ಕರ್ಫ್ಯೂ ಬೇರೆ. ಅದು ಕೇರಳದ ಕಡೆಯ ಕೊಡಗು, ದಕ್ಷಿಣ ಕನ್ನಡ, ಮೈಸೂರು, ಚಾಮರಾಜನಗರ ಮತ್ತು ಮಹಾರಾಷ್ಟ್ರದ ಕಡೆಯ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್, ಈ ಎಂಟು ಜಿಲ್ಲೆಗಳ ಒಳಗಿರುವ ಎಲ್ಲರಿಗೂ ಅನ್ವಯವಾಗುತ್ತಿತ್ತು. ಶುಕ್ರವಾರ ರಾತ್ರಿ 9ರಿಂದ ಸೋಮವಾರ ಬೆಳಿಗ್ಗೆ 5ರ ತನಕ. ಆದೇಶ 16ನೇ ತಾರೀಖಿನ ಬೆಳಗಿನವರೆಗೆ ಇತ್ತು, ಅಂದರೆ ಪಂಚಮಿಯ ವಾರಾಂತ್ಯ ಪೂರ್ತಿ ಅದರೊಳಗೇ ಬರುತ್ತಿತ್ತು. ಆ ಎಂಟರಲ್ಲಿ ಬಾಗಲಕೋಟೆ ಇರಲಿಲ್ಲ. ನಮಗೆ ತಿಳಿಯದೆ ಹೋದದ್ದು ಇದೇ ಕಾರಣಕ್ಕೆ. ಶನಿವಾರ ಅನಗವಾಡಿ ದಾಟಿ, ಬೀಳಗಿ ಕ್ರಾಸಿನಲ್ಲಿ ಚಹಾ ಕುಡಿದು, ಕೊರ್ತಿಯವರೆಗೆ ಎಂದಿನ ಹಾಗೆ ಅಂಗಡಿ, ಸಂತೆ ಮಂದಿ. ಕೃಷ್ಣೆ ತುಂಬಿ ನಿಂತಿದ್ದಳು. ಸೇತುವೆ ದಾಟಿ ಕೊಲ್ಹಾರಕ್ಕೆ ಬಂದರೆ ಜಿಲ್ಲೆ ಬೇರೆ, ನಿಯಮವೂ ಬೇರೆ.

ಊರು ಹತ್ತಿರ ಬಂದಾಗ ಬ್ಯಾರಿಕೇಡ್. ಪೊಲೀಸರೊಬ್ಬರು ಗಾಡಿಯೊಳಗೆ ಬಗ್ಗಿ ನೋಡಿದರು. ಹಿಂದಿನ ಸೀಟಿನಲ್ಲಿ ನಿದ್ದೆಗಣ್ಣಿನಲ್ಲಿದ್ದ ನಮ್ಮ ಅತ್ತೆಯ ಮಾಸ್ಕ್ ಗದ್ದಕ್ಕೆ ಇಳಿದಿತ್ತು. "ಅಜ್ಜಿ, ಮಾಸ್ಕ್ ಮ್ಯಾಲ ಮಾಡ್ಕೋರಿ. ಮಹಾನಗರ ಪಾಲಿಕಿಯೊಳಗ 250 ರೂಪಾಯಿ ದಂಡ ಐತಿ" ಅಂದು, ಎಲ್ಲಿಗೆ ಅಂತ ಕೇಳಿದರು. ಗುಮ್ಮಟ ನೋಡಾಕ ಅಂದಾಗ ಅವರು ಸಿಟ್ಟಾಗಲಿಲ್ಲ. "ಅಕ್ಕಾರ, ನಿನ್ನಿ ರಾತ್ರಿಯಿಂದ ಕರ್ಫ್ಯೂ ಐತ್ರಿ. ನಿಮಗ ಬರ್ರಿ ಅಂತ ಹೇಳಿದವ್ರು ಯಾರು?" ಮನೆಯವರು ಲಾಡ್ಜಿನ ಮೆಸೇಜ್ ತೋರಿಸಿದರು. "ಮುಂಜಾನಿಂದ ಇದ ಮೆಸೇಜ್ ತೋರಿಸಿದವ್ರು ನೀವ ಮೊದಲನೇದವ್ರಲ್ಲ. ಅಜ್ಜಿ ಅದಾರ, ಸೀದಾ ಲಾಡ್ಜಿಗೆ ಹೋಗಿ ದಣಿವಾರಿಸಿಕೊಂಡು ಹೊಳ್ಳಿ ಹೋಗ್ರಿ. ಗುಮ್ಮಟದ ಕಡೆ ಗಾಡಿ ತಿರುಗಿಸಬ್ಯಾಡ್ರಿ, ಸೀಜ್ ಮಾಡ್ತಾರ." ಬಿಸಿಲಲ್ಲಿ ನಿಂತು ಇಷ್ಟು ಸಮಾಧಾನದಿಂದ ಮಾತಾಡಿದ ಆ ಮನುಷ್ಯನಿಗೆ ನಾನು ಋಣಿ.

ಲಾಡ್ಜಿನಲ್ಲಿ ಮಾತು ಬದಲಾಯಿತು. "ರೂಮ್ ತಯಾರ ಐತಿ. ಉಳಕೊಳ್ಳೋದು ಬಿಡೋದು ನಿಮಗ ಬಿಟ್ಟಿದ್ದು. ಅಡ್ವಾನ್ಸ್ ವಾಪಸ್ ಇಲ್ಲ." ನಿನ್ನೆ ಫೋನಿನಲ್ಲಿ ಹೇಳಿದ್ದೇನು ಅಂತ ಕೇಳಿದರೆ, "ಕರ್ಫ್ಯೂ ಹಾಕಿದವ್ರು ನಾವಲ್ಲರಿ" ಅಂದು ಗೋಡೆಯ ಮೇಲಿನ ಬೋರ್ಡ್ ತೋರಿಸಿದರು. ನಾವು ಕೌಂಟರಿನ ಮುಂದೆ ನಿಂತಿರುವಾಗಲೇ ಅವರ ಫೋನ್ ರಿಂಗ್ ಆಯಿತು. ನಮ್ಮನ್ನು ನೋಡುತ್ತಲೇ, ದನಿ ಒಂಚೂರೂ ಬದಲಾಗದೆ, ಆ ಕಡೆಯವರಿಗೆ ಹೇಳಿದರು: "ಗುಮ್ಮಟ ಚಾಲೂ ಐತ್ರಿ, ಅಡ್ವಾನ್ಸ್ ಹಾಕಿ ಬರ್ರಿ." ನಮ್ಮ 2,000 ಹೋದದ್ದಕ್ಕಿಂತ ಇದು ನನಗೆ ಹೆಚ್ಚು ನೋವು ಕೊಟ್ಟಿತು. ಕೊರೊನಾ ಶುರುವಾದಾಗಿನಿಂದ ಲಾಡ್ಜಿನವರ ಧಂದೆ ನೆಲ ಕಚ್ಚಿತ್ತು, ಬಾಡಿಗೆ, ಸಾಲ ಕುತ್ತಿಗೆಗೆ ಬಂದಿತ್ತು, ಎಲ್ಲ ಒಪ್ಪುತ್ತೇನೆ. ಆದರೂ ಗೊತ್ತಿದ್ದೂ ಗೊತ್ತಿದ್ದೂ ಮುದುಕರು, ಮಕ್ಕಳನ್ನು ಕರ್ಫ್ಯೂ ಊರಿಗೆ ಕರೆಸುವುದು ಮೋಸವೇ.

ಊಟದ್ದು ಬೇರೆಯೇ ಪಾಡು. ಹೋಟೆಲುಗಳಿಗೆ ಪಾರ್ಸಲ್ ಕೊಡಲು ಮಾತ್ರ ಅನುಮತಿ ಇತ್ತು. ಪಾರ್ಸಲ್ ಅಂದರೆ ಕೂರಲು ಜಾಗವಿಲ್ಲ, ಕೈ ತೊಳೆಯಲು ನೀರಿಲ್ಲ, ಹೆಂಗಸರಿಗೆ ಶೌಚಾಲಯವಿಲ್ಲ ಅಂತ ಅರ್ಥ. ಅತ್ತೆಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಗಾಡಿಯಲ್ಲೇ ಕೂತು ತೊಡೆಯ ಮೇಲೆ ಪೇಪರ್ ಹಾಸಿಕೊಂಡು ಎರಡು ತುತ್ತು ತಿಂದರು, ನೀರು ಕುಡಿಯಲು ಹೆದರಿದರು. ಕೊನೆಗೆ ಬಸ್ ಓಡಾಡುತ್ತಿದ್ದ ಕಾರಣಕ್ಕೆ ಬಸ್ ನಿಲ್ದಾಣದ ಶೌಚಾಲಯ ಸಿಕ್ಕಿತು. ದೂರದಿಂದ ಗುಮ್ಮಟ ಕಂಡಿತು. ಮಗಳು ಕಿಟಕಿಗೆ ಮುಖ ಒತ್ತಿ ನೋಡಿದಳು, ಏನೂ ಕೇಳಲಿಲ್ಲ.

ಹೋಗಲೇಬೇಕು ಅನ್ನುವವರು ಆಗ ಸೋಮವಾರದಿಂದ ಶುಕ್ರವಾರದೊಳಗೆ ಇಟ್ಟುಕೊಳ್ಳಬೇಕಿತ್ತು. ರಾತ್ರಿ ಕರ್ಫ್ಯೂ 9ಕ್ಕೇ ಶುರುವಾಗುತ್ತಿತ್ತು, ಅಷ್ಟರೊಳಗೆ ಊಟ ಮುಗಿಸಿ ರೂಮ್ ಸೇರಬೇಕಿತ್ತು. ಶುಕ್ರವಾರ ಹೋದವರು ಪಂಚಮಿ ಅಂತ ತಡ ಮಾಡದೆ ಸಂಜೆಯೊಳಗೆ ಸೇತುವೆ ದಾಟಿ ಬರಬೇಕಿತ್ತು. ಗೋಕಾಕ ಫಾಲ್ಸ್ ಅಂದುಕೊಂಡವರಿಗೂ ಇದೇ ಮಾತು, ಅದು ಬೆಳಗಾವಿ ಜಿಲ್ಲೆ. ಇನ್ನು ಮುಂದೆ ಇಂಥ ಕರ್ಫ್ಯೂ ಬಂದರೆ, ಸ್ಮಾರಕ ತೆರೆದಿದೆಯಾ ಅಂತಷ್ಟೇ ಕೇಳಿ ಸುಮ್ಮನಾಗಬೇಡಿ, ಆ ಜಿಲ್ಲೆಯಲ್ಲಿ ಆ ದಿನ ಓಡಾಡಲು ಬಿಡುತ್ತಾರಾ ಅಂತ ಜಿಲ್ಲಾಧಿಕಾರಿ ಕಚೇರಿಯ ಕಂಟ್ರೋಲ್ ರೂಮಿಗೆ ಕೇಳಿ. ಈಗಾಗಲೇ ಅಡ್ವಾನ್ಸ್ ಹಾಕಿದ್ದರೆ ಕೂಡಲೇ ರದ್ದು ಮಾಡಿ, ಅದೂ ವಾಟ್ಸಾಪಿನಲ್ಲಿ ಬರೆದು, ಕಾರಣ ಕರ್ಫ್ಯೂ ಆದೇಶ ಅಂತ ಸೇರಿಸಿ. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ. ಫೋನ್‌ಪೇ ಮಾಡಿದ ಸ್ಕ್ರೀನ್‌ಶಾಟ್ ತೆಗೆದಿಡಿ. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1800-11-4000ಕ್ಕೆ ದೂರು ಕೊಡಬಹುದು. ನಾವು ಕೊಟ್ಟಿದ್ದೇವೆ. ದುಡ್ಡು ಇನ್ನೂ ಬಂದಿಲ್ಲ, ಬಂದರೆ ಖಂಡಿತ ತಿಳಿಸುತ್ತೇನೆ.