1300 ರೂಪಾಯಿಯ ಲೈಟ್ ಗ್ಲೋಬ್: ಉರೀತದೆ ಚೆಂದ, ದೇಶ ಮಾತ್ರ ಒಂದು ಕಮ್ಮಿ

ಮಗಳು ಏಳನೇ ಕ್ಲಾಸು, ಕನ್ನಡ ಮೀಡಿಯಂ, ಸಮಾಜ ಪಾಠ ಅಂದ್ರೆ ಪ್ರಾಣ. ಗ್ಲೋಬ್ ಬೇಕು ಗ್ಲೋಬ್ ಬೇಕು ಅಂತ ಆರು ತಿಂಗಳಿಂದ ತಲೆ ತಿಂತಾ ಇದ್ಲು, ಹಾಗೆ ಕಾಸರಗೋಡು ಹಳೇ ಬಸ್‌ಸ್ಟ್ಯಾಂಡ್ ಹತ್ರದ ಒಂದು ಪುಸ್ತಕದಂಗಡಿಯಿಂದ ತಂದದ್ದು. ಡಬ್ಬದ ಮೇಲೆ 1450, ಚರ್ಚೆ ಮಾಡಿ 1300ಕ್ಕೆ ಬಂತು. ಅಂಗಡಿ ಹೆಸರೂ ಕಂಪನಿ ಹೆಸರೂ ಹಾಕೂದಿಲ್ಲ, ದಿನಾ ಅದೇ ದಾರಿಯಲ್ಲಿ ನಡೀಬೇಕಲ್ಲ ಮಾರ್ರೆ.

ಮೊದ್ಲು ಒಳ್ಳೇದು ಹೇಳ್ತೇನೆ. ಸ್ಟ್ಯಾಂಡ್ ಗಟ್ಟಿ ಉಂಟು, ತಿರುಗಿಸಿದ್ರೆ ಕಿರಕಿರ ಶಬ್ದ ಇಲ್ಲ, ರಾತ್ರಿ ಲೈಟ್ ಹಾಕಿದ್ರೆ ಸಮುದ್ರ ಎಲ್ಲ ನೀಲಿ ನೀಲಿ ಹೊಳೀತದೆ, ಕರೆಂಟ್ ಹೋಗಿ ಬಂದಾಗ ಅದೊಂದೇ ಉರೀತಾ ಇದ್ರೆ ನೋಡ್ಲಿಕ್ಕೇ ಒಂದು ಖುಷಿ. ಅಕ್ಷರ ಸಣ್ಣದು, ನನಗೆ ಕನ್ನಡಕ ಬೇಕು, ಅವಳಿಗೆ ಬೇಡ. ಎರಡು ಅರ್ಧ ಜೋಡಿಸಿದ ಜಾಗದಲ್ಲಿ, ಅಂದ್ರೆ ಭೂಮಧ್ಯರೇಖೆ ಹತ್ರ, ಪೇಪರ್ ಒಂಚೂರು ಆಚೀಚೆ ಆಗಿ ಇಂಡೋನೇಷ್ಯಾ ಸೊಟ್ಟ. ಅದನ್ನು ಬಿಟ್ಟು ಹಾಕಿದೆ.

ತಕರಾರು ಶುರು ಆದದ್ದು ಮೂರನೇ ದಿನ. ವಿಶ್ವಸಂಸ್ಥೆಯ 193 ಸದಸ್ಯ ದೇಶಗಳ ಪಟ್ಟಿ ಹಿಡ್ಕೊಂಡು ಒಂದೊಂದೇ ಟಿಕ್ ಹಾಕ್ತಾ ಕೂತವಳು "ಅಪ್ಪ, ದಕ್ಷಿಣ ಸುಡಾನ್ ಇಲ್ಲ" ಅಂದ್ಲು. ನೋಡ್ತೇನೆ, ನಿಜ! ಸುಡಾನ್ ಒಂದೇ ದೊಡ್ಡ ಹಳದಿ ತುಂಡು. ಆ ದೇಶ ಆದದ್ದು 2011 ಜುಲೈ 9ಕ್ಕೆ, ಡಬ್ಬದ ಪ್ಯಾಕಿಂಗ್ 2023ರದ್ದು! ಹಳೇ ಪ್ರಿಂಟಿಗೆ ಹೊಸ ಡಬ್ಬ, ಅಷ್ಟೇ.

ತಗೊಂಡು ಹೋದೆ ಅಂಗಡಿಗೆ. ಅವರು ಗ್ಲೋಬ್ ತಿರುಗಿಸಿ ತಿರುಗಿಸಿ ನೋಡಿ, "ಮಾಷ್ಟ್ರೆ, ಬಲ್ಬ್ ಉರಿಯದಿದ್ರೆ ಬದಲಿ ಕೊಡ್ತೇನೆ, ದೇಶ ಇಲ್ಲದಿದ್ರೆ ನಾನೆಂತ ಮಾಡುದು?" ಅಂದ್ರು. ನಾನು ಮಾಷ್ಟ್ರು ಅಲ್ಲ, ಆದ್ರೆ ತಪ್ಪು ಹುಡುಕಿದವನೆಲ್ಲ ಇಲ್ಲಿ ಮಾಷ್ಟ್ರೇ.

ಮಗಳ ಮುಂದಿನ ಪ್ರಶ್ನೆ, ದಕ್ಷಿಣ ಸುಡಾನ್ ಪಟ್ಟಿಯಲ್ಲಿ ಉಂಟು ಗ್ಲೋಬಲ್ಲಿ ಇಲ್ಲ, ಸೊಮಾಲಿಲ್ಯಾಂಡ್ ಪಟ್ಟಿಯಲ್ಲೂ ಇಲ್ಲ ಗ್ಲೋಬಲ್ಲೂ ಇಲ್ಲ, ಮತ್ತೆ ಸುದ್ದಿಯಲ್ಲಿ ಹೆಸರು ಬರೂದೆಂತಕೆ? ಇದಕ್ಕೆ ನಮ್ಮೂರಿನ ಭಾಷೆಯಲ್ಲೇ ಉತ್ತರ ಕೊಟ್ಟೆ. ಪಾಲು ಆದ ಜಾಗ ನೋಡಿ, ನಾವು ಬೇಲಿ ಹಾಕಿ ಮನೆ ಕಟ್ಟಿ ತೆಂಗು ನೆಟ್ಟು ಕೂತಿರಬಹುದು, ಆದ್ರೆ ಅಣ್ಣ ಸಹಿ ಹಾಕದೆ ವಿಲೇಜ್ ಆಫೀಸಲ್ಲಿ ಪೋಕುವರವು, ಅಂದ್ರೆ ಖಾತೆ ನಮ್ಮ ಹೆಸರಿಗೆ ಬದಲಾಗುದು, ಆಗ್ತದಾ? ಸೊಮಾಲಿಲ್ಯಾಂಡ್ ಪೋಕುವರವು ಆಗದ ಜಾಗ. 1991 ಮೇ 18ಕ್ಕೆ ಸೊಮಾಲಿಯಾದಿಂದ ಬೇರೆ ಅಂತ ಘೋಷಿಸಿಕೊಂಡ್ರು, ಹರ್ಗೀಸಾದಲ್ಲಿ ಸರ್ಕಾರ ಉಂಟು, ಸ್ವಂತ ಶಿಲ್ಲಿಂಗ್ ನೋಟು ಉಂಟು, ಪಾಸ್‌ಪೋರ್ಟ್ ಉಂಟು, ಓಟು ನಡೀತದೆ, ಅಲ್ಲಿನ ಬರ್ಬೆರಾ ಬಂದರನ್ನು ನೋಡಿಕೊಳ್ಳೂದು ದುಬೈಯ ಡಿಪಿ ವರ್ಲ್ಡ್, ಆದ್ರೆ ಸೊಮಾಲಿಯಾದ ರಾಜಧಾನಿ ಮೊಗದಿಶು ಒಪ್ಪೂದಿಲ್ಲ, ವಿಶ್ವಸಂಸ್ಥೆಯಲ್ಲಿ ಕುರ್ಚಿಯೂ ಇಲ್ಲ. ತಮಾಷೆ ಎಂತದಂದ್ರೆ 1960 ಜೂನ್ 26ಕ್ಕೆ ಬ್ರಿಟಿಷರು ಬಿಟ್ಟು ಹೋದಾಗ ಅದು ಐದು ದಿನ ಪೂರ್ತಿ ಸ್ವತಂತ್ರ ದೇಶವೇ ಆಗಿತ್ತು, ಜುಲೈ 1ಕ್ಕೆ ತಾನೇ ಹೋಗಿ ಇಟಲಿಯವರ ಸೊಮಾಲಿಯಾ ಜೊತೆ ಸೇರಿದ್ದು.

ದಕ್ಷಿಣ ಸುಡಾನಿನದ್ದು ಉಲ್ಟಾ. ಲಕ್ಷಗಟ್ಟಲೆ ಜನ ಸತ್ತ ಯುದ್ಧ ಆದ ಮೇಲೆ 2005ರಲ್ಲಿ ಒಪ್ಪಂದ, 2011 ಜನವರಿಯಲ್ಲಿ ಜನಮತ, 98.83 ಶೇಕಡ ಬೇರೆ ಆಗುವ ಅಂದ್ರು. ಸ್ವಾತಂತ್ರ್ಯದ ಹಿಂದಿನ ದಿನ ಸುಡಾನೇ ಮೊದ್ಲು ಮಾನ್ಯತೆ ಕೊಟ್ಟಿತು, ಅಣ್ಣನ ಸಹಿ ಬಿತ್ತು, ಐದೇ ದಿನದಲ್ಲಿ ವಿಶ್ವಸಂಸ್ಥೆಯ 193ನೇ ಸದಸ್ಯ. ಎರಿಟ್ರಿಯಾ 1993ರಲ್ಲಿ ಸಲೀಸಾಗಿ ಒಳಗೆ ಬಂದದ್ದೂ ಇಥಿಯೋಪಿಯಾ ಒಪ್ಪಿದ್ದಕ್ಕೇ. ಜನಮತ ಎಷ್ಟು ಬಂದ್ರೂ ಸಹಿಯ ತೂಕವೇ ಬೇರೆ, ಕ್ಯಾಟಲೋನಿಯಾದವರು 2017ರಲ್ಲಿ ಓಟು ಹಾಕಿ ಘೋಷಣೆಯನ್ನೂ ಮಾಡಿದ್ರು, ಸ್ಪೇನ್ ಒಪ್ಪಲಿಲ್ಲ, ಒಂದು ದೇಶವೂ ಅವರನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ.

ಕೊಸೊವೊ ನನ್ನ ಗ್ಲೋಬಲ್ಲಿ ಸರ್ಬಿಯಾದ ಬಣ್ಣದೊಳಗೇ ಕರಗಿ ಹೋಗಿದೆ. ಇದನ್ನು ತಪ್ಪು ಅಂತ ನಾನು ಹೇಳೂದಿಲ್ಲ, ನಮ್ಮ ದೇಶವೂ ಅದನ್ನು ಮಾನ್ಯ ಮಾಡಿಲ್ಲವಲ್ಲ. ಅವರು 2008 ಫೆಬ್ರವರಿ 17ಕ್ಕೆ ಸರ್ಬಿಯಾದಿಂದ ಬೇರೆ ಅಂತ ಘೋಷಿಸಿದ್ದರಿಂದ ಅಂತಾರಾಷ್ಟ್ರೀಯ ಕಾನೂನು ಮುರಿದಿಲ್ಲ ಅಂತ 2010ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ಕೋರ್ಟು ಅಭಿಪ್ರಾಯ ಕೊಟ್ಟಿತು, ಅದು ದೇಶ ಹೌದೋ ಅಲ್ಲವೋ ಅಂತ ಮಾತ್ರ ಹೇಳಲಿಲ್ಲ, ಜಾಣರು. ವಿಶ್ವಸಂಸ್ಥೆಗೆ ಸೇರ್ಲಿಕ್ಕೆ ಭದ್ರತಾ ಮಂಡಳಿಯ 15ರಲ್ಲಿ 9 ಓಟು ಬೇಕು, ಐದು ದೊಡ್ಡವರಲ್ಲಿ ಒಬ್ಬನೂ ವೀಟೋ ಹಾಕಬಾರದು, ಮತ್ತೆ ಮಹಾಸಭೆಯಲ್ಲಿ ಮೂರನೇ ಎರಡು ಪಾಲು ಬೇಕು. ಅಲ್ಲಿ ರಷ್ಯಾ ಕೂತಿದೆ. ಆದ್ರೆ ಫಿಫಾ 2016ರಲ್ಲಿ ಸೇರಿಸಿಕೊಂಡಿತು, ಅದೇ ವರ್ಷ ರಿಯೋ ಒಲಿಂಪಿಕ್ಸಲ್ಲಿ ಜೂಡೋಗೆ ಚಿನ್ನವೂ ಬಂತು. +383 ಅಂತ ಸ್ವಂತ ಫೋನ್ ಕೋಡ್ ಕೂಡ ಸಿಕ್ಕಿತು, ಅದಕ್ಕೆ ಮೊದ್ಲು ಬೇರೆ ದೇಶಗಳ ಕೋಡಲ್ಲಿ ಸುಧಾರಿಸ್ತಿದ್ರು. ಮನೆಗೊಬ್ಬರು ಗಲ್ಫಲ್ಲಿ ಇರುವ ನಮ್ಮೂರಿನವರಿಗೆ ಫೋನ್ ಕೋಡಿನ ಬೆಲೆ ಬೇರೆ ಹೇಳ್ಬೇಕಾ.

ಬಾಂಗ್ಲಾದೇಶ ಉಂಟು ಬಿಡಿ, ಹಸಿರು ಬಣ್ಣದಲ್ಲಿ. ಈಗ ಅದು ಅಲ್ಲಿ ಇರೂದು ಸಹಜ ಅಂತ ಕಾಣ್ತದೆ, ಆದ್ರೆ 1971 ಡಿಸೆಂಬರ್ 6ಕ್ಕೆ ಭೂತಾನ್ ಮತ್ತು ನಾವು ಮಾನ್ಯತೆ ಕೊಟ್ಟ ಮೇಲೂ 1972ರಲ್ಲಿ ಚೀನಾ ವೀಟೋ ಹಾಕಿ ಬಾಗಿಲು ಮುಚ್ಚಿತು, 1974 ಫೆಬ್ರವರಿಯಲ್ಲಿ ಪಾಕಿಸ್ತಾನ ಒಪ್ಪಿದ ಮೇಲೆಯೇ ಸೆಪ್ಟೆಂಬರಲ್ಲಿ ಒಳಗೆ ಹೋದದ್ದು. ಬಿಯಾಫ್ರಾಕ್ಕೆ ಆ ಯೋಗ ಇರಲಿಲ್ಲ. 1967ರಲ್ಲಿ ನೈಜೀರಿಯಾದಿಂದ ಬೇರೆ ಆಗಿ, ಟಾಂಜಾನಿಯಾ, ಜಾಂಬಿಯಾದಂಥ ಬೆರಳೆಣಿಕೆಯ ದೇಶಗಳ ಮಾನ್ಯತೆಯಲ್ಲಿ ನಿಂತು, ಮಕ್ಕಳು ಹಸಿವಿನಲ್ಲಿ ಸತ್ತು, 1970 ಜನವರಿಯಲ್ಲಿ ಮುಗೀತು.

ಮೊರೊಕ್ಕೊ ತನ್ನದು ಅನ್ನುವ ಪಶ್ಚಿಮ ಸಹಾರಾ ಬೂದು ಬಣ್ಣ, ಹೆಸರೂ ಇಲ್ಲ. ನಾವು 1985ರಲ್ಲಿ ಅವರ ಗಣರಾಜ್ಯವನ್ನು ಮಾನ್ಯ ಮಾಡಿ 2000ದಲ್ಲಿ ವಾಪಸ್ ತಗೊಂಡವರು, ಹಾಗಾಗಿ ಬೂದು ಬಣ್ಣವೇ ಸರಿ ಅಂತ ಕಾಣ್ತದೆ.

ನಮ್ಮ ಅಜ್ಜ ಹುಟ್ಟಿದ್ದು ಮದ್ರಾಸು ಪ್ರಾಂತ್ಯದಲ್ಲಿ, ಪೆನ್ಶನ್ ತಗೊಂಡದ್ದು ಕೇರಳದಲ್ಲಿ, ಮನೆ ಬದಲಾಯಿಸಿದ್ದು ಒಂದು ಸರ್ತಿಯೂ ಇಲ್ಲ. 1956 ನವೆಂಬರ್ 1ರ ಗೆರೆ ಅದು. ಚಂದ್ರಗಿರಿ ಹೊಳೆಯಿಂದ ಬಡಗು ಕಡೆ ಮೈಸೂರಿಗೆ ಸೇರಲಿ ಅಂತ 1967ರಲ್ಲಿ ಮಹಾಜನ ವರದಿ ಹೇಳಿದ್ದು ಇವತ್ತಿಗೂ ಕಾಗದದಲ್ಲೇ ಉಂಟು. ಅದು ರಾಜ್ಯದ ಗಡಿ, ದೇಶದ್ದಲ್ಲ, ಎರಡನ್ನೂ ಒಂದೇ ತಕ್ಕಡಿಗೆ ಹಾಕ್ಲಿಕ್ಕೆ ಬರೂದಿಲ್ಲ. ಆದ್ರೆ ಮ್ಯಾಪ್ ನೋಡುವಾಗ ನಮ್ಮ ಕಣ್ಣು ಮೊದ್ಲು ಗೆರೆಗೇ ಹೋಗೂದು, ಎಂತ ಮಾಡುದು.

ಆನ್‌ಲೈನಲ್ಲಿ ಹೊರದೇಶದ ಗ್ಲೋಬ್ ತರಿಸುವವರು ಭಾರತದ ಗಡಿ ಸರಿಯಾಗಿ ನೋಡಿ ತಗೊಳ್ಳಿ, ಸರ್ವೆ ಆಫ್ ಇಂಡಿಯಾ ನಕ್ಷೆಗೆ ಹೊಂದದ್ದನ್ನು ಇಲ್ಲಿ ಪ್ರಕಟಿಸಿದ್ರೆ ಜೈಲೂ ಆಗಬಹುದು. ಇದರಲ್ಲಿ ಅದು ಸರಿ ಉಂಟು.

ಐದಕ್ಕೆ ಮೂರು ಸ್ಟಾರ್ ಕೊಟ್ಟೆ. ಮಗಳು ಕಪ್ಪು ಮಾರ್ಕರಲ್ಲಿ ಸುಡಾನಿನ ಮಧ್ಯೆ ಗೆರೆ ಎಳೆದು ಕೆಳಗೆ ದಕ್ಷಿಣ ಸುಡಾನಿನ ರಾಜಧಾನಿ ಜುಬಾ ಅಂತ ಬರ್ದಿದ್ದಾಳೆ, ಗೆರೆ ಸ್ವಲ್ಪ ಸೊಟ್ಟ ಆಗಿ ಇಥಿಯೋಪಿಯಾದ ಒಂದು ತುಂಡೂ ಒಳಗೆ ಬಂದಿದೆ, ಉಜ್ಜಿದ್ರೆ ಹೋಗೂದಿಲ್ಲ. ತಗೊಳ್ಳುವವರು ಅಂಗಡಿಯಲ್ಲೇ ಡಬ್ಬ ಬಿಚ್ಚಿಸಿ ಆಫ್ರಿಕಾ ನೋಡ್ಕೊಳ್ಳಿ, ಬಲ್ಬ್ ಮತ್ತೆ ನೋಡಿದ್ರೂ ಆಯ್ತು.