ಅಕ್ರೊಪೊರಾ ಸುಹರ್ಸೊನೊಯಿ: ಮೂರು ವರ್ಷ ಸಾಕಿದ ಮೇಲೆ

ಮನೆಯ ಉಪ್ಪುನೀರಿನ ಅಕ್ವೇರಿಯಂಗೆ ಬಣ್ಣಕ್ಕಾಗಿ ಹವಳ ಕೊಳ್ಳುವವರಿಗೆ ಅಕ್ರೊಪೊರಾ ಸುಹರ್ಸೊನೊಯಿ ಬೇಡ. ಕೊಂಬೆಕೊಂಬೆಯಾಗಿ ಬೆಳೆಯುವ ಅಕ್ರೊಪೊರಾ ಎಂಬ ಗಟ್ಟಿ ಹವಳಗಳ ಕುಲದ ಒಂದು ಪ್ರಭೇದವಿದು. ಇದರ ಬೆಲೆಗೆ ಕಣ್ಣು ಕುಕ್ಕುವ ನೀಲಿ, ನೇರಳೆ ಅಕ್ರೊಪೊರಾಗಳು ಎರಡು ಮೂರು ಬರುತ್ತವೆ. ಇದರ ಸೊಗಸೆಲ್ಲ ಮೈಕಟ್ಟಿನಲ್ಲಿದೆ. ನನ್ನ ಅಕ್ವೇರಿಯಂನಲ್ಲಿರುವ ಬೇರೆ ಅಕ್ರೊಪೊರಾಗಳು ಬೆಳಕಿನ ಕಡೆಗೆ ನೇರ ಏರಿದರೆ, ಇದು ಅಡ್ಡಕ್ಕೆ ಹರಡಿ, ಕೊಂಬೆಗಳ ತುದಿಯನ್ನು ತುಸು ಕೆಳಕ್ಕೆ ಬಾಗಿಸಿಕೊಂಡು ಬೆಳೆದಿದೆ. ಕೊಂಬೆಯ ಸುತ್ತ ಸಣ್ಣ ಸಣ್ಣ ಕೊಳವೆಗಳು ಎದ್ದು, ಬಾಟಲಿ ತೊಳೆಯುವ ಬ್ರಷ್ಷಿನಂತೆ ಕಾಣುತ್ತದೆ. ಟೆಕ್ಸಸ್‌ನ ನಮ್ಮ ಮನೆಯಲ್ಲಿ ಇದನ್ನು ಮೂರು ವರ್ಷಕ್ಕೂ ಮೇಲೆ ಸಾಕಿದ್ದೇನೆ. ಇಂದಿಗೂ ಮನೆಗೆ ಬಂದವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಇದರ ತವರು ಇಂಡೊನೇಷ್ಯಾದ ಬಾಲಿ, ಲೊಂಬೊಕ್ ದ್ವೀಪಗಳ ಸುತ್ತಲಿನ ಕಡಲು. ಹವಳ ವಿಜ್ಞಾನಿ ಕಾರ್ಡೆನ್ ವ್ಯಾಲೇಸ್ 1994ರಲ್ಲಿ ಇದನ್ನು ಹೊಸ ಪ್ರಭೇದವೆಂದು ವರ್ಣಿಸಿ, ಇಂಡೊನೇಷ್ಯಾದ ಹವಳ ವಿಜ್ಞಾನಿ ಸುಹರ್ಸೊನೊ ಅವರ ಹೆಸರಿಟ್ಟರು. ಬಿಸಿಲು ಸೋಸಿ ಬರುವ ಆಳದ ಇಳಿಜಾರುಗಳಲ್ಲಿ ಬೆಳೆಯುವ ಹವಳವಿದು. ಹಾಗಾಗಿ ದೀಪದ ಕೆಳಗೆ, ಬಂಡೆಯ ನೆತ್ತಿಯ ಮೇಲೆ ಇಡಬೇಡಿ. ನನ್ನದು ಬಂಡೆಯ ಕೆಳ ಅರ್ಧದಲ್ಲಿದೆ. ಅಲ್ಲಿ ಪಾರ್, ಅಂದರೆ ಹವಳಕ್ಕೆ ಬಳಕೆಯಾಗುವ ಬೆಳಕಿನ ಅಳತೆ, 150ರಿಂದ 200. ನೀರಿನ ಓಟ ಮಾತ್ರ ಜೋರಾಗಿಯೇ ಇರಬೇಕು. ಆದರೆ ಪಂಪಿನ ಧಾರೆ ಒಂದೇ ಕಡೆಯಿಂದ ಮೈಗೆ ಬಡಿಯಬಾರದು.

ಉಪ್ಪಿನಂಶ ಸಾವಿರಕ್ಕೆ 35, ಉಷ್ಣತೆ 25ರಿಂದ 26 ಡಿಗ್ರಿ ಸೆಲ್ಸಿಯಸ್, ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂ ಆಸುಪಾಸು. ಇವು ಹವಳ ಸಾಕುವವರಿಗೆಲ್ಲ ಗೊತ್ತಿರುವ ಅಂಕಿಗಳು. ಈ ಹವಳದ ಜೀವ ನಿಂತಿರುವುದು ಆಲ್ಕಲಿನಿಟಿಯ ಮೇಲೆ, ಅಂದರೆ ಮುಖ್ಯವಾಗಿ ನೀರಿನಲ್ಲಿ ಕರಗಿರುವ ಕಾರ್ಬೊನೇಟುಗಳ ಪ್ರಮಾಣದ ಮೇಲೆ. ಅದು 8 ಡಿಕೆಎಚ್ (ಆಲ್ಕಲಿನಿಟಿ ಅಳೆಯುವ ಮಾನ) ಇರಲಿ, 9 ಇರಲಿ, ಇದ್ದಲ್ಲೇ ಇರಬೇಕು. ಹವಳ ತನ್ನ ಅಸ್ಥಿ ಕಟ್ಟಲು ನೀರಿನಿಂದ ಕ್ಯಾಲ್ಸಿಯಂ, ಕಾರ್ಬೊನೇಟ್ ಎಳೆದುಕೊಳ್ಳುತ್ತಲೇ ಇರುತ್ತದೆ. ಬೆಳೆದಷ್ಟೂ ಹೆಚ್ಚು ಬೇಕು. ಕಳೆದ ವರ್ಷ ಈ ಲವಣಗಳನ್ನು ಅಳೆದು ನೀರಿಗೆ ಸೇರಿಸುವ ಡೋಸಿಂಗ್ ಪಂಪಿನ ಕೊಳವೆ ಸೀಳಿ, ಆಲ್ಕಲಿನಿಟಿ 8ರಿಂದ 6.5ಕ್ಕೆ ಕುಸಿಯಿತು. ಪಕ್ಕದ ಮಾಂಟಿಪೊರಾ ಎಂಬ ಇನ್ನೊಂದು ಹವಳಕ್ಕೆ ಏನೂ ಆಗಲಿಲ್ಲ. ಸುಹರ್ಸೊನೊಯಿಯ ಬುಡದಲ್ಲಿ ಮಾತ್ರ ಚರ್ಮ ಸುಲಿದು, ಬೆರಳಗಲ ಬಿಳಿಯ ಅಸ್ಥಿ ಕಾಣಿಸಿತು. ದಿನಕ್ಕೆ ಅರ್ಧ ಡಿಕೆಎಚ್‌ನಂತೆ ನಿಧಾನವಾಗಿ ಏರಿಸಿದ ಮೇಲೆ ಸುಲಿತ ನಿಂತಿತು. ಸತ್ತ ಭಾಗದ ಮೇಲೆ ಪಾಚಿ ಕೂತಿದೆ. ಅಂಚಿನಿಂದ ಹೊಸ ಅಂಗಾಂಶ ಈಗಷ್ಟೇ ಅದರ ಮೇಲೆ ಹಬ್ಬುತ್ತಿದೆ.

ಬೆಳವಣಿಗೆ ನಿಧಾನ. ಮೊದಲ ಕೆಲವು ತಿಂಗಳು ಫ್ರ್ಯಾಗ್ ಪ್ಲಗ್ಗಿಗೆ (ಫ್ರ್ಯಾಗ್ ಎಂದರೆ ಕತ್ತರಿಸಿದ ಹವಳದ ತುಂಡು, ಪ್ಲಗ್ ಅದನ್ನು ಕೂರಿಸುವ ಪುಟ್ಟ ಬಿಲ್ಲೆ) ಅಂಟಿಕೊಂಡಿತೇ ಹೊರತು ಮೇಲೆ ಒಂದಿಷ್ಟೂ ಬೆಳೆಯಲಿಲ್ಲ. ಈಗ ಭೂತಗನ್ನಡಿ ಹಿಡಿದರೆ ಪ್ರತಿ ಕೊಂಬೆಯ ತುದಿಯಲ್ಲೂ ಬೆಳ್ಳಗಿನ, ಹೆಚ್ಚೂ ಕಡಿಮೆ ಪಾರದರ್ಶಕವಾದ ಕೊಳವೆ ಕಾಣುತ್ತದೆ. ಬೆಳವಣಿಗೆ ನಡೆದಿರುವುದು ಅಲ್ಲೇ. ತುದಿ ಬಣ್ಣ ತುಂಬಿ ಮೊಂಡಾದರೆ ನಾನು ಕೂಡಲೇ ನೀರು ಪರೀಕ್ಷಿಸುತ್ತೇನೆ.

ಕೊಳ್ಳುವಾಗಿನ ಒಂದು ಬೇಸರ ಹೇಳಲೇಬೇಕು. ಮಾರಿದವರು ಬರೀ ನೀಲಿ ಬೆಳಕಿನಲ್ಲಿ ತೆಗೆದ ಚಿತ್ರ ಹಾಕಿದ್ದರು. ಬಿಳಿ ಬೆಳಕಿನಲ್ಲಿ ನೋಡಿದಾಗ ಬಂದದ್ದು ತೆಳು ಕಂದು. ಮುಂದೆ ತಿಳಿ ನೀಲಿಗೆ ತಿರುಗಿತು, ಅದು ಬೇರೆ ಮಾತು. ಆದರೆ ಅಷ್ಟು ಹಣ ಕೇಳುವವರು ಸಹಜ ಬೆಳಕಿನ ಚಿತ್ರವೊಂದನ್ನು ಕೊಡಬೇಕು. ತಂದ ಮೇಲೆ ಬೇರೆ ತೊಟ್ಟಿಯಲ್ಲಿಟ್ಟು, ಅಕ್ರೊಪೊರಾ ತಿನ್ನುವ ಚಪ್ಪಟೆ ಹುಳುಗಳ ಮೊಟ್ಟೆಗಾಗಿ ಬುಡವನ್ನು ಚೆನ್ನಾಗಿ ನೋಡಿ. ಔಷಧಿಯಲ್ಲಿ ಅದ್ದಿದರೆ ಹುಳು ಉದುರುತ್ತವೆ, ಮೊಟ್ಟೆಗಳು ಉಳಿಯುತ್ತವೆ.

ಕಡಲಿನಿಂದ ಕಿತ್ತು ತಂದ ಕಾಲೊನಿಯನ್ನು ಕೊಳ್ಳಬೇಡಿ ಎಂಬುದು ನನ್ನ ಬಲವಾದ ಮಾತು. ಇಷ್ಟು ಸಣ್ಣ ನೆಲೆಯ ಹವಳವನ್ನು ನಮ್ಮ ಹವ್ಯಾಸಕ್ಕಾಗಿ ಬರಿದು ಮಾಡುವುದು ಸಲ್ಲದು. ಅಲ್ಲದೆ ತೊಟ್ಟಿಯಲ್ಲಿ ತಲೆಮಾರು ಕಂಡ ಫ್ರ್ಯಾಗ್ ನಮ್ಮ ದೀಪಕ್ಕೆ, ನೀರಿಗೆ ಬೇಗ ಒಗ್ಗುತ್ತದೆ. ಬೆಂಗಳೂರಿನ ಗೆಳೆಯರು ಆಗಾಗ ಇದನ್ನು ತರಿಸಿಕೊಡಲು ಕೇಳುತ್ತಾರೆ. ಆಗುವುದಿಲ್ಲ. ಭಾರತದಲ್ಲಿ ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿ ಇರುವುದೂ ಅದೇ ಅನುಸೂಚಿಯಲ್ಲಿ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ವರ್ಷ ಬೇರೆ ಅಕ್ರೊಪೊರಾಗಳನ್ನು ಕಳೆದುಕೊಳ್ಳದೆ ಸಾಕಿದ್ದರೆ ಮಾತ್ರ ಕೊಳ್ಳಿ. ಕೊಂಡು ಬೆಳೆಸಿದ ಮೇಲೆ ಒಂದು ತುಂಡನ್ನು ಕತ್ತರಿಸಿ ನಂಬಿಕೆಯ ಇನ್ನೊಬ್ಬರ ತೊಟ್ಟಿಯಲ್ಲಿ ಇಡಿಸಿ. ಕರೆಂಟು ಹೋಗಿ ನಿಮ್ಮದು ಸತ್ತರೂ ಅಲ್ಲಿಂದ ಮರಳಿ ತರಬಹುದು.