ಇಪ್ಪತ್ತನಾಲ್ಕು ಮನೆಗಳ ಟ್ರಾನ್ಸಿಸ್ಟರ್ ಪೆಟ್ಟಿಗೆ: ಹನ್ನೊಂದು ತಿಂಗಳ ಬಳಕೆಯ ನಂತರ

ಹಳೆಯ ರೇಡಿಯೊ, ಕ್ಯಾಸೆಟ್ ಡೆಕ್, ಆಂಪ್ಲಿಫೈಯರ್‌ಗಳನ್ನು ಮನೆಯಲ್ಲೇ ಕುಳಿತು ದುರಸ್ತಿ ಮಾಡುವವರಿಗೆ ಸದಾ ಎದುರಾಗುವ ತೊಡಕೆಂದರೆ, ಕೆಟ್ಟುಹೋದ, ಸಿಗ್ನಲನ್ನು ಹಿಗ್ಗಿಸುವ ಮೂರು ಕಾಲಿನ ಪುಟ್ಟ ಟ್ರಾನ್ಸಿಸ್ಟರ್‌ನ ಅದೇ ನಂಬರಿನದು ಸಿಗದಿರುವುದು. ನಾನು ಮೈಸೂರಿನಲ್ಲಿರುವವನು. ಎರಡು ಮೂರು ರೂಪಾಯಿಯ ಒಂದು ಬಿಡಿಭಾಗಕ್ಕಾಗಿ ಎಲೆಕ್ಟ್ರಾನಿಕ್ ಬಿಡಿಭಾಗಗಳ ಮಾರುಕಟ್ಟೆಯಾದ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿಬರುವುದು ಆಗದ ಮಾತು, ಅಂಚೆಯಲ್ಲಿ ತರಿಸಿದರೆ ಸಾಗಣೆಯ ವೆಚ್ಚವೇ ವಸ್ತುವಿನ ಬೆಲೆಯನ್ನು ಹಲವು ಪಟ್ಟು ಮೀರುತ್ತದೆ. ಆದ್ದರಿಂದ ಹನ್ನೊಂದು ತಿಂಗಳ ಹಿಂದೆ, ಇಪ್ಪತ್ತನಾಲ್ಕು ಬಗೆಯ ಟ್ರಾನ್ಸಿಸ್ಟರ್‌ಗಳನ್ನು ಬೇರೆ ಬೇರೆ ಮನೆಗಳಲ್ಲಿ (ಖಾನೆಗಳಲ್ಲಿ) ತುಂಬಿಟ್ಟಿರುವ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯನ್ನೂ, ಅದರ ಜೊತೆಗೆ ಒಂಬತ್ತು ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ, ಬಿಡಿಭಾಗಗಳನ್ನು ಅಳೆಯುವ ಒಂದು ಕಾಂಪೊನೆಂಟ್ ಟೆಸ್ಟರನ್ನೂ ಆನ್‌ಲೈನಿನಲ್ಲಿ ಕೊಂಡೆ. ಇಂಥ ಪೆಟ್ಟಿಗೆಗಳು ಹಲವು ಹೆಸರುಗಳಲ್ಲಿ ಬರುತ್ತವೆ, ಒಳಗಿನ ಸರಕು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ.

ನನ್ನ ಪೆಟ್ಟಿಗೆಯಲ್ಲಿ ಬಿಸಿ547ರಿಂದ ಬಿಸಿ550ರವರೆಗಿನ ಎನ್‌ಪಿಎನ್ ಸಾಲು, ಅದಕ್ಕೆ ಜೋಡಿಯಾಗಿ ಕರೆಂಟಿನ ದಿಕ್ಕು ತಿರುಗಿದ ಪಿಎನ್‌ಪಿ ಬಗೆಯ ಬಿಸಿ556, 557, 558, ಸ್ವಲ್ಪ ಹೆಚ್ಚು ಕರೆಂಟ್ ತಾಳುವ ಬಿಸಿ327 ಮತ್ತು ಬಿಸಿ337, ಒಂದೇ ಮೈಯಲ್ಲಿ ಎರಡು ಟ್ರಾನ್ಸಿಸ್ಟರ್‌ಗಳನ್ನು ಜೋಡಿಸಿರುವ ಡಾರ್ಲಿಂಗ್ಟನ್ ಬಗೆಯ ಬಿಸಿ517, ಅಮೆರಿಕದ ನಂಬರುಗಳಾದ 2ಎನ್2222, 2ಎನ್3904, 2ಎನ್3906, 2ಎನ್5401, 2ಎನ್5551, ಜಪಾನಿನ ಸಿ945, ಸಿ1815, ಎ1015, ಉಳಿದಂತೆ ಎಸ್8050, ಎಸ್8550 ಮತ್ತು ಎಸ್9012ರಿಂದ ಎಸ್9018ರವರೆಗಿನ ಕೆಲವು ಇವೆ. ಎಲ್ಲವೂ ಟಿಒ-92 ಎಂಬ ಕಪ್ಪು ಪ್ಲಾಸ್ಟಿಕ್ ಮೈಯವು. ಆಯ್ಕೆಯ ಬಗ್ಗೆ ನನ್ನ ತಕರಾರಿಲ್ಲ. ಹೊಸದಾಗಿ ಕಲಿಯುವವರು ತಿಳಿದಿರಬೇಕಾದ ಒಂದು ವಿಷಯವೆಂದರೆ, ಜಪಾನಿನ ನಂಬರುಗಳ ಮುಂದಿನ '2ಎಸ್' ಎಂಬ ಭಾಗವನ್ನು ಮೈಮೇಲೆ ಅಚ್ಚುಮಾಡುವುದಿಲ್ಲ. ಸಿ1815 ಎಂದಿದ್ದರೆ ಅದರ ಪೂರ್ಣ ಹೆಸರು 2ಎಸ್‌ಸಿ1815.

ತಕರಾರು ಇರುವುದು ಮುಚ್ಚಳದ ಒಳಮೈಗೆ ಅಂಟಿಸಿರುವ 'ಈಕ್ವಲೆಂಟ್' ಪಟ್ಟಿಯ ಬಗ್ಗೆ. ಅದರಲ್ಲಿ ಬಿಸಿ547, 2ಎನ್3904, ಎಸ್9014, ಸಿ945, ಸಿ1815 ಇವೈದನ್ನೂ ಒಂದೇ ಸಾಲಿನಲ್ಲಿ, ಒಂದರ ಬದಲು ಇನ್ನೊಂದನ್ನು ಹಾಕಬಹುದೆಂಬಂತೆ ಬರೆಯಲಾಗಿದೆ. ವೋಲ್ಟೇಜ್ ಮತ್ತು ಕರೆಂಟುಗಳನ್ನಷ್ಟೇ ನೋಡಿದರೆ ಇದು ತಪ್ಪಲ್ಲ. ಬಿಸಿ547 ಮತ್ತು ಎಸ್9014 ಎರಡೂ 45 ವೋಲ್ಟ್, 100 ಮಿಲಿಆಂಪಿಯರಿನವು. 2ಎನ್3904 40 ವೋಲ್ಟ್, 200 ಮಿಲಿಆಂಪಿಯರಿನದು. ಸಿ1815 50 ವೋಲ್ಟ್, 150 ಮಿಲಿಆಂಪಿಯರಿನದು. ಒಂಬತ್ತೋ ಹನ್ನೆರಡೋ ವೋಲ್ಟಿನಲ್ಲಿ ನಡೆಯುವ ಸಾಮಾನ್ಯ ಆಡಿಯೊ ಸರ್ಕ್ಯೂಟಿಗೆ ಇವುಗಳಲ್ಲಿ ಯಾವುದಾದರೂ ಸಾಲುತ್ತದೆ. ಆದರೆ ಕಾಲುಗಳ ಕ್ರಮದ ಬಗ್ಗೆ ಆ ಪಟ್ಟಿಯಲ್ಲಿ ಒಂದು ಮಾತೂ ಇಲ್ಲ, ಮತ್ತು ಈ ಐದರಲ್ಲಿ ಮೂರು ಬೇರೆ ಬೇರೆ ಕ್ರಮಗಳಿವೆ.

ಚಪ್ಪಟೆ ಮುಖವನ್ನು ನಮ್ಮ ಕಡೆಗೂ ಕಾಲುಗಳನ್ನು ಕೆಳಕ್ಕೂ ಹಿಡಿದು ಎಡದಿಂದ ಬಲಕ್ಕೆ ಓದಿದರೆ, ಬಿಸಿ547ರಲ್ಲಿ ಕಲೆಕ್ಟರ್, ಬೇಸ್, ಎಮಿಟರ್ ಎಂಬ ಕಾಲುಗಳು ಬರುತ್ತವೆ (ಬೇಸಿನ ಸಣ್ಣ ಕರೆಂಟು ಕಲೆಕ್ಟರಿನಿಂದ ಎಮಿಟರಿಗೆ ಹರಿಯುವ ದೊಡ್ಡ ಕರೆಂಟನ್ನು ನಿಯಂತ್ರಿಸುತ್ತದೆ). 2ಎನ್3904 ಮತ್ತು ಎಸ್9014ರಲ್ಲಿ ಅದು ತಿರುಗುಮುರುಗಾಗಿ ಎಮಿಟರ್, ಬೇಸ್, ಕಲೆಕ್ಟರ್ ಆಗುತ್ತದೆ. ಸಿ945 ಮತ್ತು ಸಿ1815ರಲ್ಲಿ ಕಲೆಕ್ಟರ್ ನಡುವಿಗೆ ಬಂದು ಎಮಿಟರ್, ಕಲೆಕ್ಟರ್, ಬೇಸ್ ಎಂದಾಗುತ್ತದೆ. ಹಾಗಾಗಿ 2ಎನ್3904 ಇದ್ದ ಜಾಗಕ್ಕೆ ಬಿಸಿ547 ಹಾಕಬೇಕಾದರೆ ಅದನ್ನು ಬೆನ್ನು ತಿರುಗಿಸಿ ಕೂರಿಸಿದರೆ ಸಾಕು. ಸಿ1815ರ ಜಾಗಕ್ಕಾದರೆ ಬೆನ್ನು ತಿರುಗಿಸಿದ ಮೇಲೆ ಬೇಸ್ ಮತ್ತು ಕಲೆಕ್ಟರ್ ಕಾಲುಗಳನ್ನು ಒಂದರ ಮೇಲೊಂದು ದಾಟಿಸಿ, ತಾಗದಂತೆ ಒಂದಕ್ಕೆ ಸ್ಲೀವ್ (ಪ್ಲಾಸ್ಟಿಕ್ ಕೊಳವೆ) ತೊಡಿಸಬೇಕು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಎಮಿಟರ್ ಮತ್ತು ಕಲೆಕ್ಟರ್ ಅದಲುಬದಲಾದ ಟ್ರಾನ್ಸಿಸ್ಟರ್ ಪೂರ್ತಿ ಸುಮ್ಮನಾಗುವುದಿಲ್ಲ, ತೀರ ಕಡಿಮೆ ಗೇನ್‌ನಲ್ಲಿ (ಸಿಗ್ನಲನ್ನು ಹಿಗ್ಗಿಸುವ ಪ್ರಮಾಣವೇ ಗೇನ್) ಹೇಗೋ ಕೆಲಸ ಮಾಡುತ್ತದೆ. ಅದೇ ಹೊತ್ತಿಗೆ ಎಮಿಟರ್-ಬೇಸ್ ಜಂಕ್ಷನ್‌ಗೆ ತಿರುಗು ದಿಕ್ಕಿನಲ್ಲಿ ವೋಲ್ಟೇಜ್ ಬೀಳುತ್ತದೆ. ತಯಾರಕರ ವಿವರಪಟ್ಟಿಗಳಾದ ಡೇಟಾಶೀಟುಗಳಲ್ಲಿ ಇದರ ಮಿತಿ ಬಿಸಿ547 ಮತ್ತು 2ಎನ್3904ಕ್ಕೆ 6 ವೋಲ್ಟ್, ಎಸ್9014ಕ್ಕೆ 5 ವೋಲ್ಟ್ ಮಾತ್ರ. ಹನ್ನೆರಡು ವೋಲ್ಟಿನ ಸರ್ಕ್ಯೂಟಿನಲ್ಲಿ ಆ ಜಂಕ್ಷನ್ ತಡೆಯಲಾರದೆ ಹಿಮ್ಮುಖವಾಗಿ ಕರೆಂಟ್ ಹರಿಸತೊಡಗಬಹುದು, ಹಾಗಾದರೆ ಟ್ರಾನ್ಸಿಸ್ಟರ್‌ನ ಗೇನ್ ಶಾಶ್ವತವಾಗಿ ಕುಗ್ಗುತ್ತದೆ. ಹೊರಗೆ ಕಾಣುವುದು ಕ್ಷೀಣವಾದ, ಒಡಕು ದನಿ ಮಾತ್ರ, ದುರಸ್ತಿ ಮಾಡುವವನು ತಪ್ಪನ್ನು ಕೆಪಾಸಿಟರಿನಲ್ಲೋ ಸ್ಪೀಕರಿನಲ್ಲೋ ಹುಡುಕುತ್ತ ದಿನ ಕಳೆಯುತ್ತಾನೆ. ನಾನು ಮೊದಲ ವಾರದಲ್ಲೇ ಆ ಪಟ್ಟಿಯನ್ನು ಕಿತ್ತು, ಪ್ರತಿ ಮನೆಯ ಮೇಲೂ ಕಾಲುಗಳ ಕ್ರಮವನ್ನು ಬರೆದು ಅಂಟಿಸಿದೆ.

ಡೇಟಾಶೀಟ್ ನೋಡಿದರೂ ಎಡವುವ ಒಂದು ಸ್ಥಳವಿದೆ. ಮೂಲ 2ಎನ್2222 ಲೋಹದ ಟೋಪಿಯ ಟಿಒ-18 ಮೈಯದು. ಅದರ ಪ್ಲಾಸ್ಟಿಕ್ ರೂಪಗಳಲ್ಲಿ ಪಿಎನ್2222ಎ ಎಂಬುದು ಎಮಿಟರ್, ಬೇಸ್, ಕಲೆಕ್ಟರ್ ಕ್ರಮದ್ದು, ಪಿ2ಎನ್2222ಎ ಎಂಬುದು ಕಲೆಕ್ಟರ್, ಬೇಸ್, ಎಮಿಟರ್ ಕ್ರಮದ್ದು. ಪೆಟ್ಟಿಗೆಯಲ್ಲಿ ಬಂದವುಗಳ ಮೈಮೇಲೆ ಬರೀ 2ಎನ್2222 ಎಂದಿದೆ. ಇವು ಎರಡರಲ್ಲಿ ಯಾವ ಜಾತಿ ಎಂಬುದನ್ನು ಅಳೆದೇ ತಿಳಿಯಬೇಕು.

ಇಲ್ಲಿಯೇ ಟೆಸ್ಟರ್ ತನ್ನ ಬೆಲೆಯನ್ನು ತೀರಿಸಿತು. ಜರ್ಮನಿಯ ಹವ್ಯಾಸಿಗಳಾದ ಮಾರ್ಕುಸ್ ಫ್ರೇಯೆಕ್ ಆರಂಭಿಸಿ ಕಾರ್ಲ್-ಹೈಂಟ್ಸ್ ಕ್ಯುಬ್ಬೆಲರ್ ಬೆಳೆಸಿದ ವಿನ್ಯಾಸವೇ ಇಂದು ಮಾರುಕಟ್ಟೆಯಲ್ಲಿರುವ ಈ ಬಗೆಯ ಬಹುಪಾಲು ಅಗ್ಗದ ಟೆಸ್ಟರ್‌ಗಳ ಮೂಲ. ಒಂದು ಎಟಿಮೆಗಾ ಮೈಕ್ರೊಕಂಟ್ರೋಲರ್ ಮೂರು ಕಾಲುಗಳನ್ನು ಎಲ್ಲ ರೀತಿಯಲ್ಲೂ ಜೋಡಿಸಿ ನೋಡಿ, ಇದು ಎನ್‌ಪಿಎನ್ ಅಥವಾ ಪಿಎನ್‌ಪಿ, ಯಾವ ಕಾಲು ಯಾವುದು, ಗೇನ್ ಎಷ್ಟು, ಬೇಸ್-ಎಮಿಟರ್ ವೋಲ್ಟೇಜ್ ಎಷ್ಟು ಎಂಬುದನ್ನು ಕೆಲವೇ ಸೆಕೆಂಡುಗಳಲ್ಲಿ ತೋರಿಸುತ್ತದೆ. ಮೈಮೇಲಿನ ನಂಬರು ಅಳಿಸಿಹೋದ ಟ್ರಾನ್ಸಿಸ್ಟರ್‌ಗೆ ಬದಲಿ ಹುಡುಕುವಾಗ, ಅದು ಇನ್ನೂ ಜೀವಂತವಾಗಿದ್ದರೆ, ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. 0.6ರಿಂದ 0.7 ವೋಲ್ಟ್ ಬಂದರೆ ಸಿಲಿಕಾನ್, 0.2ರ ಆಸುಪಾಸಿನಲ್ಲಿದ್ದರೆ ಜರ್ಮೇನಿಯಂ, 1.2ರ ಹತ್ತಿರ ಬಂದು ಗೇನ್ ಸಾವಿರಗಳಲ್ಲಿದ್ದರೆ ಡಾರ್ಲಿಂಗ್ಟನ್. ನನ್ನ ಪೆಟ್ಟಿಗೆಯ ಬಿಸಿ547ರ ಮನೆಯಲ್ಲಿ ಬೆರೆತಿದ್ದ ಎರಡು ಬಿಸಿ517ಗಳು ಹೀಗೆಯೇ ಸಿಕ್ಕಿಬಿದ್ದವು.

ಆದರೆ ಟೆಸ್ಟರ್ ಅಳೆಯುವುದು 5 ವೋಲ್ಟಿನಲ್ಲಿ, ಕೆಲವೇ ಮಿಲಿಆಂಪಿಯರುಗಳಲ್ಲಿ. ಟ್ರಾನ್ಸಿಸ್ಟರ್ ಎಷ್ಟು ವೋಲ್ಟ್ ತಾಳುತ್ತದೆ, ಎಷ್ಟು ಮೆಗಾಹರ್ಟ್ಸ್‌ವರೆಗೆ ಗೇನ್ ಕೊಡುತ್ತದೆ, ಅದು ತಾನೇ ಹುಟ್ಟಿಸುವ ಸದ್ದು ಎಷ್ಟು, ಈ ಮೂರನ್ನೂ ಅದು ಹೇಳಲಾರದು. ಬೋರ್ಡಿನಲ್ಲಿ ಇದ್ದಂತೆಯೇ ಅಳೆದರೆ ಸುತ್ತಲಿನ ರೆಸಿಸ್ಟರುಗಳಿಂದಾಗಿ ತಪ್ಪು ಉತ್ತರ ಬರುತ್ತದೆ, ಬಿಚ್ಚಿಯೇ ಅಳೆಯಬೇಕು. ಚಾರ್ಜ್ ಉಳಿದಿರುವ ಕೆಪಾಸಿಟರನ್ನು ಅದಕ್ಕೆ ಸಿಕ್ಕಿಸಿದರೆ ಟೆಸ್ಟರೇ ಸುಟ್ಟುಹೋಗಬಹುದು.

ಪೆಟ್ಟಿಗೆಯ ಸರಕಿನ ಗುಣಮಟ್ಟವನ್ನು ಅರಿಯಲು ಪ್ರತಿ ಬಗೆಯಿಂದ ಹತ್ತನ್ನು ಆರಿಸಿ ಅಳೆದೆ. ಬಿಸಿ547ರ ಮೇಲೆ ಗೇನ್ ಯಾವ ಗುಂಪಿನದೆಂದು ಹೇಳುವ ಬಿ ಎಂಬ ಅಕ್ಷರವಿದೆ. ಆ ಗುಂಪಿನ ಗೇನ್ 200ರಿಂದ 450ರ ನಡುವೆ ಇರಬೇಕು, ಹತ್ತೂ 280ರಿಂದ 320ರೊಳಗೆ ಬಂದವು. ಜಿಆರ್ ಎಂದು ಗುರುತಿರುವ ಸಿ1815ಗಳು 200ರಿಂದ 400ರ ಗುಂಪಿನವು, ಅವೂ 250ರ ಸುತ್ತ ಬಂದವು. ತಾಳುವ ವೋಲ್ಟೇಜನ್ನು ನೋಡಲು 30 ವೋಲ್ಟಿನ ಎರಡು ಸಪ್ಲೈಗಳನ್ನು ಸರಣಿಯಲ್ಲಿ ಜೋಡಿಸಿ, 100 ಕಿಲೋಓಮ್ ರೆಸಿಸ್ಟರ್ ಮೂಲಕ ಕಲೆಕ್ಟರ್‌ಗೆ ಕೊಟ್ಟು, ಬೇಸನ್ನು ಬಿಟ್ಟು, ಕರೆಂಟ್ ಹರಿಯತೊಡಗುವ ವೋಲ್ಟೇಜನ್ನು ಗುರುತುಮಾಡಿಕೊಂಡೆ. 45 ವೋಲ್ಟಿನವು ಆ ಮಟ್ಟವನ್ನು ದಾಟಿದವು. 160 ವೋಲ್ಟಿನದೆಂದು ಹೇಳುವ 2ಎನ್5551ಅನ್ನು 60 ವೋಲ್ಟಿಗಿಂತ ಮೇಲೆ ಪರೀಕ್ಷಿಸುವ ಸೌಕರ್ಯ ನನ್ನಲ್ಲಿಲ್ಲ. ಹಾಗಾಗಿ ಒಂದು ಆಂಪ್ಲಿಫೈಯರಿನಲ್ಲಿ, ಪ್ಲಸ್ 35 ಮತ್ತು ಮೈನಸ್ 35 ಸೇರಿ ಒಟ್ಟು 70 ವೋಲ್ಟ್ ಬೀಳುವ ಜಾಗಕ್ಕೆ 2ಎನ್5551 ಬೇಕಾದಾಗ ಪೆಟ್ಟಿಗೆಯದನ್ನು ನಂಬದೆ ಬೇರೆ ಕಡೆಯಿಂದ ತರಿಸಿದೆ. ಅಲ್ಲಿಗೆ 65 ವೋಲ್ಟಿನ ಬಿಸಿ546 ಕೂಡ ಸಲ್ಲದು.

ಪೆಟ್ಟಿಗೆ ನಿಜವಾಗಿ ಸೋತದ್ದು ಕ್ಯಾಸೆಟ್ ಡೆಕ್ಕಿನಲ್ಲಿ. ಎಡ ಚಾನೆಲ್ಲಿನಲ್ಲಿ, ಟೇಪ್ ಓದುವ ಹೆಡ್ಡಿನ ಕ್ಷೀಣ ಸಿಗ್ನಲನ್ನು ಮೊದಲು ಹಿಗ್ಗಿಸುವ ಹೆಡ್ ಪ್ರಿಆಂಪ್‌ನಲ್ಲಿದ್ದ ಸಿ1815 ಜಿಆರ್ ಕೆಟ್ಟಿತ್ತು. ಅದೇ ನಂಬರು, ಅದೇ ಗುಂಪು, ಅದೇ ಕಾಲುಗಳ ಕ್ರಮದ ಹೊಸದು ಪೆಟ್ಟಿಗೆಯಲ್ಲಿದ್ದಾಗ ಬದಲಿಯ ಯೋಚನೆಯೇ ಬೇಡವೆಂದುಕೊಂಡು ಹಾಕಿದೆ. ದನಿ ಬಂತು, ಅದರೊಂದಿಗೆ ಬಲ ಚಾನೆಲ್ಲಿಗಿಂತ ಎದ್ದು ಕೇಳುವ ಸುಯ್ಯೆಂಬ ಸದ್ದೂ ಬಂತು. ಒಂದೊಂದಾಗಿ ಹತ್ತನ್ನು ಹಾಕಿ ನೋಡಿದಾಗ ಎರಡು ಮಾತ್ರ ತಕ್ಕಮಟ್ಟಿಗೆ ಶಾಂತವಾಗಿದ್ದವು. ಟೆಸ್ಟರಿನಲ್ಲಿ ಹತ್ತಕ್ಕೂ ವ್ಯತ್ಯಾಸವಿಲ್ಲ. ಟೇಪಿನ ಹೆಡ್ಡಿನಿಂದ ಬರುವ ಸಿಗ್ನಲ್ ಒಂದು ಮಿಲಿವೋಲ್ಟಿಗೂ ಕಡಿಮೆ ಇರುವುದರಿಂದ, ಮುಂದಿನ ಹಂತಗಳಲ್ಲಿ ಗಮನಕ್ಕೇ ಬಾರದ ದೋಷ ಇಲ್ಲಿ ಕಿವಿಗೆ ರಾಚುತ್ತದೆ. ಕೊನೆಗೆ ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಿಂದ ಬಿಸಿ550ಸಿ ತಂದು, ಮೇಲೆ ಹೇಳಿದಂತೆ ಕಾಲು ದಾಟಿಸಿ ಎರಡೂ ಚಾನೆಲ್ಲಿಗೆ ಹಾಕಿದೆ. ಕಡಿಮೆ ಸದ್ದಿನ ಕೆಲಸಕ್ಕೆಂದೇ ತಯಾರಾದ ಬಿಸಿ549, ಬಿಸಿ550ಗಳನ್ನು ಇಂಥ ಕಡೆ ನಂಬಬಹುದು. ಸಿ ಗುಂಪಿನ ಗೇನ್ 420ರಿಂದ 800, ಅಂದರೆ ಮೂಲಕ್ಕಿಂತ ಹೆಚ್ಚು. ಆದರೂ ಆ ಸರ್ಕ್ಯೂಟಿನಲ್ಲಿ ವೋಲ್ಟೇಜಿನ ಏರುಪೇರನ್ನು ತಾನೇ ಸರಿಪಡಿಸುವ ಡಿಸಿ ಫೀಡ್‌ಬ್ಯಾಕ್ ಇದ್ದುದರಿಂದ ಕಲೆಕ್ಟರ್ ವೋಲ್ಟೇಜ್ 5.2ರಿಂದ 5.0ಕ್ಕೆ ಇಳಿದದ್ದು ಬಿಟ್ಟರೆ ಬೇರೇನೂ ಬದಲಾಗಲಿಲ್ಲ. ಬೇಸ್‌ಗೆ ಒಂದೇ ರೆಸಿಸ್ಟರಿನಿಂದ ಬಯಾಸ್ (ಸಿಗ್ನಲ್ ಇಲ್ಲದಾಗಲೂ ಇರಬೇಕಾದ ಆಧಾರ ಕರೆಂಟ್) ಕೊಟ್ಟಿರುವ, ಎಮಿಟರಿನಲ್ಲೂ ರೆಸಿಸ್ಟರ್ ಇಲ್ಲದ ಹಳೆಯ ಸರ್ಕ್ಯೂಟಿನಲ್ಲಾದರೆ ಗೇನ್ ಇಷ್ಟು ಹೆಚ್ಚಿದಾಗ ಬಯಾಸ್ ಕೆಡುತ್ತದೆ, ಅಲ್ಲಿ ಗುಂಪಿನ ಅಕ್ಷರವನ್ನೂ ಹೊಂದಿಸಬೇಕು.

ಮನೆಯ ಸ್ಟೆಬಿಲೈಸರಿನ ಕೆಲಸ ಸುಲಭವಾಗಿತ್ತು. ರಿಲೇಯನ್ನು (ಸುರುಳಿಯ ಕಾಂತದಿಂದ ನಡೆಯುವ ಸ್ವಿಚ್ಚು) ಓಡಿಸುವ ಟ್ರಾನ್ಸಿಸ್ಟರ್ ಸುಟ್ಟು ನಂಬರು ಕಾಣುತ್ತಿರಲಿಲ್ಲ. ರಿಲೇಯ ಸುರುಳಿ 160 ಓಮ್, ಸಪ್ಲೈ 12 ವೋಲ್ಟ್. ಅಂದರೆ 75 ಮಿಲಿಆಂಪಿಯರ್. ಬಿಸಿ547ರ ಮಿತಿ 100 ಆದ್ದರಿಂದ ಅದು ತೀರ ಅಂಚಿನಲ್ಲಿ ನಡೆಯಬೇಕಾಗುತ್ತಿತ್ತು. ಕಾಲುಗಳ ಕ್ರಮ ಅದೇ ಇದ್ದು 800 ಮಿಲಿಆಂಪಿಯರ್ ತಾಳುವ ಬಿಸಿ337 ಹಾಕಿದೆ. ಹಾಕುವ ಮುನ್ನ ಸುರುಳಿಗೆ ಅಡ್ಡಲಾಗಿರುವ ಡಯೋಡನ್ನು ನೋಡಿದ್ದು ಒಳ್ಳೆಯದಾಯಿತು, ಅದು ಓಪನ್ ಆಗಿತ್ತು, ಅಂದರೆ ಒಳಗೆ ತುಂಡಾಗಿತ್ತು. ರಿಲೇ ಬಿಡುವ ಕ್ಷಣದಲ್ಲಿ ಸುರುಳಿ ಹುಟ್ಟಿಸುವ ಹಿಮ್ಮುಖ ವೋಲ್ಟೇಜನ್ನು ತಡೆಯುವವರಿಲ್ಲದೆಯೇ ಹಳೆಯದು ಸತ್ತಿತ್ತು, ಎಷ್ಟು ಒಳ್ಳೆಯ ಬದಲಿ ಹಾಕಿದ್ದರೂ ಅದೇ ಗತಿ ಆಗುತ್ತಿತ್ತು.

ನಮ್ಮ ಕಡೆಯ ಹಳೆಯ ರೇಡಿಯೊಗಳ ವಿಷಯಕ್ಕೆ ಬಂದರೆ ಪೆಟ್ಟಿಗೆಯ ನೆರವು ಅರ್ಧ ಮಾತ್ರ. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ತಯಾರಿಸಿದ ಟ್ರಾನ್ಸಿಸ್ಟರ್‌ಗಳು ಒಂದು ಕಾಲಕ್ಕೆ ದೇಶದ ಮನೆಮನೆಯ ರೇಡಿಯೊಗಳಲ್ಲಿದ್ದವು. ಅವುಗಳಲ್ಲಿ ಬಿಸಿ148ರ ಬದಲಿಗೆ ಬಿಸಿ548ಅನ್ನು ಕಾಲುಗಳ ಸ್ಥಾನ ನೋಡಿಕೊಂಡು ಧೈರ್ಯವಾಗಿ ಹಾಕಬಹುದು, ನಾನು ಮೂರು ರೇಡಿಯೊಗಳಲ್ಲಿ ಹಾಕಿದ್ದೇನೆ. ಎಸಿ127, ಎಸಿ128ರಂಥ ಜರ್ಮೇನಿಯಂ ಜೋಡಿಗೆ ಈ ಪೆಟ್ಟಿಗೆಯಲ್ಲಿ ಉತ್ತರವಿಲ್ಲ. ಸಿಲಿಕಾನಿಗೆ ಬೇಸಿನಲ್ಲಿ ಹೆಚ್ಚು ವೋಲ್ಟೇಜ್ ಬೇಕಾದ್ದರಿಂದ ಬಯಾಸಿನ ರೆಸಿಸ್ಟರುಗಳನ್ನೂ ಬದಲಿಸದೆ ಹಾಕಿದರೆ ದನಿ ಒಡೆಯುತ್ತದೆ. ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಕಲಿತವರೆಲ್ಲ ಬಲ್ಲ ಎಸ್ಎಲ್100 ಲೋಹದ ಟಿಒ-39 ಮೈಯದು. ಅದು ಹೊರಹಾಕುವ ಶಾಖವನ್ನು ಟಿಒ-92ರ ಪುಟ್ಟ ಮೈ ತಾಳದು, ಅದಕ್ಕೆ 2ಎನ್2219ಎ ಸರಿಯಾದ ಬದಲಿ.

ಪೆಟ್ಟಿಗೆಗೆ ನಾನು ಕೊಟ್ಟದ್ದು 550 ರೂಪಾಯಿ. ಸ್ವಿಚ್ಚಿಂಗ್, ರಿಲೇ, ಎಲ್‌ಇಡಿ, ಸಾಮಾನ್ಯ ಆಡಿಯೊ ಹಂತಗಳಿಗೆ ಅದು ನ್ಯಾಯವಾದ ಬೆಲೆ, ಟೆಸ್ಟರ್ ಇರುವವರು ಹಿಂಜರಿಯದೆ ಕೊಳ್ಳಬಹುದು. ಟೆಸ್ಟರ್ ಇಲ್ಲದವರು ಮೊದಲು ಅದನ್ನೇ ಕೊಳ್ಳಲಿ. ಹೆಡ್ ಪ್ರಿಆಂಪ್, ಮೈಕ್ ಪ್ರಿಆಂಪ್, ಹೆಚ್ಚಿನ ವೋಲ್ಟೇಜಿನ ಹಂತಗಳಿಗೆ ಬೇಕಾದ ಬಿಸಿ550ಸಿ, ಬಿಸಿ560ಸಿ, 2ಎನ್5551, 2ಎನ್5401 ಈ ನಾಲ್ಕನ್ನು ಮಾತ್ರ ನಾನು ಈಗ ಹತ್ತತ್ತರಂತೆ ಬೇರೆಯಾಗಿ ತಂದು, ಅದೇ ಪೆಟ್ಟಿಗೆಯ ಖಾಲಿಯಾದ ಮನೆಗಳಲ್ಲಿ ಕೆಂಪು ಚೀಟಿ ಅಂಟಿಸಿ ಇಟ್ಟಿದ್ದೇನೆ.